43 ವರ್ಷ ಒಂದೇ ಬಿಲದಲ್ಲಿ

(ಬೆಳಗಾವಿಯಲ್ಲಿ ಶಿಕ್ಷಕರು, ರೈತರು ಮತ್ತು ಕಾಲೇಜು ಹುಡುಗ-ಹುಡುಗಿಯರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಜೇಡ ಅಂದ ಕೂಡಲೇ ನಮಗೆ ಬಲೆ ನೆನಪಾಗುತ್ತದೆ. ಆದರೆ ಇವತ್ತು ನಾನು ಹೇಳಲು ಹೊರಟ ಜೇಡ ಗಾಳಿಯಲ್ಲಿ ಬಲೆ ಕಟ್ಟುವುದೇ ಇಲ್ಲ. ನೆಲದಲ್ಲಿ ಬಿಲ ತೋಡುತ್ತದೆ. ಬಿಲದ ಒಳಗೋಡೆಗೆ ರೇಷ್ಮೆ ಹಚ್ಚುತ್ತದೆ. ಬಿಲದ ಬಾಯಿಗೆ ಒಂದು ಬಾಗಿಲು ಕೂಡಿಸುತ್ತದೆ. ಆ ಬಾಗಿಲಿನ ಕೀಲೂ ರೇಷ್ಮೆಯದೇ. ಸುಮ್ನೆ ಬಾಗಿಲು ಜೇಡ ಅಂತಲೇ ಕರೆಯೋಣ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ. ಹಗೇವು ನೋಡಿದ ಹಿರಿಯರು ಇಲ್ಲಿ ಕೂತಿದ್ದೀರಿ. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದುಬಿಟ್ಟರೆ ಅದು ಎಲ್ಲಿದೆ ಅಂತ ಮನೆಯವರಿಗೆ ಮಾತ್ರ ಗೊತ್ತು. ಈ ಜೇಡದ ಬಿಲವೂ ಹಾಗೇ. ಒಂದೇ ವ್ಯತ್ಯಾಸ: ಇದರ ಮುಚ್ಚಳ ತೆಗೆಯುವವರು ಒಳಗೇ ಇರುತ್ತಾರೆ.

ಮೊದಲು ಆ ಬಾಗಿಲು ನೋಡೋಣ. ಅದು ಮಣ್ಣು, ರೇಷ್ಮೆ ಎರಡೂ ಸೇರಿ ಆದದ್ದು. ಕೆಲವು ಜಾತಿಗಳ ಬಾಗಿಲು ದಪ್ಪ. ಬಿಲದ ಬಾಯಿಗೆ ಒತ್ತಿ ಕೂತರೆ ಉಗುರು ತೂರಿಸಲೂ ಸಂದು ಸಿಗುವುದಿಲ್ಲ. ಇನ್ನು ಕೆಲವದ್ದು ತೆಳು, ಹಪ್ಪಳದಷ್ಟೇ ದಪ್ಪ. ಹೊರಮೈಗೆ ಸುತ್ತಲಿನ ಮಣ್ಣು, ಪಾಚಿ, ಒಣ ಎಲೆಯ ಚೂರು ಅಂಟಿಸಿರುತ್ತದೆ. ಜೇಡ ದೊಡ್ಡದಾದಂತೆ ಬಿಲವನ್ನು ಅಗಲ ಮಾಡಬೇಕು, ಬಾಗಿಲೂ ಅಗಲ ಆಗಬೇಕು. ಹಳೆಯದನ್ನು ಕಿತ್ತು ಹೊಸದು ಮಾಡುವುದಿಲ್ಲ. ಇದ್ದ ಬಾಗಿಲಿನ ಅಂಚಿಗೇ ಹೊಸ ಪಟ್ಟಿ ಸೇರಿಸುತ್ತ ಹೋಗುತ್ತದೆ. ಹಳೆಯ ಬಾಗಿಲನ್ನು ಹತ್ತಿರದಿಂದ ನೋಡಿದರೆ ಆ ಪಟ್ಟಿಗಳು ಒಂದರ ಪಕ್ಕ ಒಂದು ಕಾಣುತ್ತವೆ. ಅಂದರೆ ಮರಿಯಾಗಿದ್ದಾಗ ಮಾಡಿದ ಚಿಕ್ಕ ಬಾಗಿಲು ಮುದಿ ಜೇಡದ ಬಾಗಿಲಿನಲ್ಲಿ ಇನ್ನೂ ಇರುತ್ತದೆ. ನನಗೆ ಈ ಜೀವಿಯಲ್ಲಿ ಬಹಳ ಇಷ್ಟವಾದ ಸಂಗತಿ ಇದೇ.

ಅಗೆಯುವುದು ಹೇಗೆ ಅಂತ ನೀವು ಕೇಳಬಹುದು. ಇದರ ದವಡೆಯ ತುದಿಯಲ್ಲಿ ಗಟ್ಟಿ ಮುಳ್ಳುಗಳ ಸಾಲು ಇದೆ. ಅದರಿಂದ ಮಣ್ಣು ಕೆರೆದು, ಉಂಡೆ ಮಾಡಿ, ಹೊರಗೆ ಹಾಕುತ್ತದೆ. ಮನೆಯಲ್ಲಿ ಕಾಣುವ ಜೇಡಗಳ ಕೋರೆಹಲ್ಲು ಒಂದಕ್ಕೊಂದು ಎದುರಾಗಿ, ಇಕ್ಕಳದ ಹಾಗೆ ಕಚ್ಚುತ್ತವೆ. ಬಾಗಿಲು ಜೇಡದ ಕೋರೆಹಲ್ಲು ಮೇಲಿಂದ ಕೆಳಕ್ಕೆ ಇಳಿಯುತ್ತವೆ. ದೊಡ್ಡ ಕೂದಲಿನ ಟರಂಟುಲಾ ಗೊತ್ತಲ್ವಾ, ಅದೂ ಇದೇ ಗುಂಪಿನದು. ಈ ಗುಂಪಿಗೆ ಮೈಗಲೊಮಾರ್ಫ್ ಅಂತ ಹೆಸರು. ಇವಕ್ಕೆ ಉಸಿರಾಡಲು ಎರಡು ಜೊತೆ ಪುಸ್ತಕ ಶ್ವಾಸಕೋಶಗಳಿವೆ, ಅಂದರೆ ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಇರುವ ಶ್ವಾಸಕೋಶ. ಬಲೆ ಕಟ್ಟುವ ಜೇಡಗಳಲ್ಲಿ ಸಾಮಾನ್ಯವಾಗಿ ಒಂದೇ ಜೊತೆ.

ಬೇಟೆ ಹೆಚ್ಚಾಗಿ ಕತ್ತಲಾದ ಮೇಲೆ. ಬಾಗಿಲನ್ನು ಕೂದಲೆಳೆಯಷ್ಟು ಎತ್ತಿ, ಮುಂಗಾಲುಗಳನ್ನು ಅಂಚಿಗೆ ತಂದು ಕೂಡುತ್ತದೆ. ಇರುವೆ, ಮಿಡತೆ, ಜೀರುಂಡೆ ಹತ್ತಿರ ನಡೆದರೆ ನೆಲ ಅದುರುತ್ತದೆ. ಆ ಅದುರು ಸಾಕು. ಚಟ್ಟನೆ ಹೊರಬಿದ್ದು, ಹಿಡಿದು, ಒಳಗೆಳೆದು, ಬಾಗಿಲು ಹಾಕಿಕೊಳ್ಳುತ್ತದೆ. ಎಷ್ಟೋ ಸಲ ಹಿಂಗಾಲು ಬಿಲದಿಂದ ಹೊರಗೆ ಬರುವುದೂ ಇಲ್ಲ. ಶತ್ರು ಬಂದು ಬಾಗಿಲು ಎಳೆದರೆ ಕೋರೆಹಲ್ಲನ್ನು ಬಾಗಿಲಿನ ಒಳಮೈಗೆ ಚುಚ್ಚಿ, ಕಾಲುಗಳನ್ನು ಗೋಡೆಗೆ ಒತ್ತಿ, ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಈಗ ಒಂದು ನಿರ್ದಿಷ್ಟ ಜೇಡದ ಕಥೆ. ಇದು ನಮ್ಮ ದೇಶದ್ದಲ್ಲ. ಆದರೆ ಇದರಷ್ಟು ಚೆನ್ನಾಗಿ ಗೊತ್ತಿರುವ ಬಾಗಿಲು ಜೇಡ ಜಗತ್ತಿನಲ್ಲಿ ಇನ್ನೊಂದು ಸಿಗುವುದು ಕಷ್ಟ.

ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಪರ್ತ್ ನಗರದ ಪೂರ್ವಕ್ಕೆ, ಗೋದಿ ಬೆಳೆಯುವ ದೊಡ್ಡ ಸೀಮೆ ಇದೆ. ಬಯಲು ನಾಡು. ಮಳೆ ನಮ್ಮ ವಿಜಯಪುರಕ್ಕಿಂತಲೂ ಕಡಿಮೆ. ಅದೂ ಚಳಿಗಾಲದಲ್ಲಿ ಬೀಳುವ ಮಳೆ. ಕಳೆದ ಶತಮಾನದಲ್ಲಿ ಅಲ್ಲಿನ ಕುರುಚಲು ಕಾಡನ್ನು ಕಡಿದು ಹೊಲ ಮಾಡಿದರು. ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಕಾಡಿನ ತುಂಡು ಉಳಿಯಿತು. ಅಂಥ ಒಂದು ತುಂಡಿನ ಹೆಸರು ನಾರ್ತ್ ಬಂಗಲ್ಲಾ. ಅಲ್ಲಿ ವಾಸ ಮಾಡುವ ಬಾಗಿಲು ಜೇಡದ ಜಾತಿ ಗೇಯಸ್ ವಿಲ್ಲೋಸಸ್.

ಈ ಜೇಡಕ್ಕೆ ಒಂದು ಜಾಣತನ ಇದೆ. ಬಿಲದ ಬಾಯಿಯ ಸುತ್ತ ಸಣ್ಣ ಕಡ್ಡಿ, ಒಣ ಎಲೆಗಳನ್ನು ರೇಷ್ಮೆಯಿಂದ ಅಂಟಿಸಿ, ಹೊರಮುಖವಾಗಿ ಚಾಚಿಡುತ್ತದೆ. ಇರುವೆ ಆ ಕಡ್ಡಿಯ ಆಚೆ ತುದಿ ಮುಟ್ಟಿದರೂ ಈಚೆ ತುದಿಯಲ್ಲಿ ಕೂತ ಜೇಡಕ್ಕೆ ಸುದ್ದಿ ಮುಟ್ಟುತ್ತದೆ. ಕಾಲು ಹೊರಗಿಡದೆ ಬೇಟೆಯ ಜಾಗ ದೊಡ್ಡದಾಯಿತು. ಹಾಗಾಗಿ ಅದಕ್ಕೆ ಮಣ್ಣು ಮಾತ್ರ ಸಾಲದು. ಮೇಲೆ ಗಿಡ ಬೇಕು, ಗಿಡದಿಂದ ಉದುರುವ ಕಡ್ಡಿ-ಎಲೆ ಬೇಕು.

ಬಾರ್ಬರಾ ಯಾರ್ಕ್ ಮೇನ್ ಅನ್ನುವ ವಿಜ್ಞಾನಿ ಆ ಗೋದಿ ಸೀಮೆಯಲ್ಲೇ ಬೆಳೆದವರು. 1974ರಲ್ಲಿ ಅವರು ಬಂಗಲ್ಲಾದ ಒಂದು ಜಾಗ ಆರಿಸಿ, ಅಲ್ಲಿದ್ದ ಬಿಲಗಳ ಪಕ್ಕ ನಂಬರ್ ಇದ್ದ ಗೂಟ ನೆಡಲು ಶುರು ಮಾಡಿದರು. ಹದಿನಾರನೆಯ ಗೂಟ ಒಂದು ಮರಿಯ ಬಿಲಕ್ಕೆ ಬಿತ್ತು. ಆಗಷ್ಟೇ ತಾಯಿಯ ಬಿಲ ಬಿಟ್ಟು ಬಂದು, ಸ್ವಂತಕ್ಕೆ ಪುಟ್ಟ ಬಿಲ ತೋಡಿಕೊಂಡ ಮರಿ ಅದು. ಮುಂದೆ ಅದಕ್ಕೆ ನಂಬರ್ 16 ಅನ್ನುವುದೇ ಹೆಸರಾಯಿತು.

1974ರಲ್ಲಿ ಹುಟ್ಟಿದವರು ಇಲ್ಲಿ ಯಾರಾದರೂ ಇದ್ದೀರಾ? ಅಲ್ಲಿ ಎರಡು ಕೈ ಎದ್ದವು. ನೀವು ಶಾಲೆ ಸೇರಿದಿರಿ, ಮದುವೆ ಆದಿರಿ, ನಿಮ್ಮ ಮಕ್ಕಳು ಕಾಲೇಜಿಗೆ ಹೋದರು. ಅಷ್ಟೂ ಕಾಲ ಆ ಹೆಣ್ಣು ಜೇಡ ಅದೇ ಬಿಲದಲ್ಲಿತ್ತು. ಬಾರ್ಬರಾ ವರ್ಷಗಟ್ಟಲೆ ಹೋಗಿ ನೋಡುತ್ತಲೇ ಇದ್ದರು. ವಯಸ್ಸಾದ ಮೇಲೆ ಲಿಯಾಂಡಾ ಮೇಸನ್ ಎಂಬ ಕಿರಿಯ ಸಂಶೋಧಕಿ ಆ ಕೆಲಸ ಮುಂದುವರಿಸಿದರು. 2016ರ ಅಕ್ಟೋಬರ್ ಕೊನೆಗೆ ಮೇಸನ್ ಹೋಗಿ ನೋಡಿದಾಗ ಬಾಗಿಲಿಗೆ ತೂತು ಬಿದ್ದಿತ್ತು. ಬಿಲ ಹಾಳಾಗಿತ್ತು. ಒಳಗೆ ಜೇಡ ಇರಲಿಲ್ಲ. ಬೇರೆ ಜೀವಿಯ ಮೈಮೇಲೆ ಮೊಟ್ಟೆ ಇಟ್ಟು, ಅದರಿಂದಲೇ ತನ್ನ ಮರಿಗೆ ಊಟ ಮಾಡಿಸುವ ಕಣಜಗಳಿವೆಯಲ್ಲ, ಅಂಥ ಒಂದು ಕಣಜ ಬಾಗಿಲು ಚುಚ್ಚಿ ಒಳಗೆ ಹೋಗಿತ್ತು. ನಂಬರ್ 16ಕ್ಕೆ ಆಗ 43 ವರ್ಷ ಅಂತ ಸಂಶೋಧಕರ ಲೆಕ್ಕ. 2018ರಲ್ಲಿ ಈ ವಿಷಯ ಪ್ರಕಟವಾಯಿತು. ಅದಕ್ಕೂ ಮೊದಲು ಅತಿ ಹೆಚ್ಚು ಬದುಕಿದ ಜೇಡ ಅಂತ ಲೆಕ್ಕದಲ್ಲಿದ್ದದ್ದು ಮೆಕ್ಸಿಕೊದ 28 ವರ್ಷದ ಒಂದು ಟರಂಟುಲಾ.

ಅದೇ ಜೇಡ ಅಂತ ಹೇಗೆ ಗ್ಯಾರಂಟಿ? ಒಂದು ಸತ್ತು ಇನ್ನೊಂದು ಬಂದು ಸೇರಿರಬಹುದಲ್ವಾ? ಒಳ್ಳೆಯ ಅನುಮಾನ. ಈ ಜಾತಿಯ ಹೆಣ್ಣು ಬೇರೆಯವರ ಖಾಲಿ ಬಿಲಕ್ಕೆ ಹೋಗುವುದಿಲ್ಲ. ಹುಟ್ಟಿ ಒಮ್ಮೆ ತೋಡಿಕೊಂಡ ಬಿಲವನ್ನೇ ಅಗಲ ಮಾಡುತ್ತ, ರಿಪೇರಿ ಮಾಡುತ್ತ, ಅಲ್ಲೇ ಸಾಯುತ್ತದೆ. ಬಿಲದ ನಂಬರ್ ಅಂದರೆ ಜೇಡದ ನಂಬರ್. ಅಷ್ಟು ವರ್ಷ ಹೇಗೆ ಬದುಕುತ್ತದೆ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಓಡಾಟ ಇಲ್ಲ, ಮೈಯ ಖರ್ಚು ಬಹಳ ಕಡಿಮೆ. ಬಿಲದ ಒಳಗೆ ಬಿಸಿಲೂ ಇಲ್ಲ, ಒಣಗಾಳಿಯೂ ಇಲ್ಲ.

ಗಂಡಿನ ಪಾಡು ಬೇರೆ. ಅದು ಕೆಲವು ವರ್ಷ ಬಿಲದಲ್ಲಿ ಬೆಳೆದು, ದೊಡ್ಡದಾದ ಮೇಲೆ ಬಾಗಿಲು ತೆರೆದು ಹೊರಟುಬಿಡುತ್ತದೆ. ಮಳೆ ಬಿದ್ದು ನೆಲ ತೇವ ಆದಾಗ ಹೆಣ್ಣನ್ನು ಹುಡುಕುತ್ತ ಅಲೆಯುತ್ತದೆ. ಮತ್ತೆ ತನ್ನ ಬಿಲಕ್ಕೆ ಬರುವುದಿಲ್ಲ. ಒಂದೇ ಋತುವಿನಲ್ಲಿ ಸಾಯುತ್ತದೆ. ನಮಗೆ ನೆಲದ ಮೇಲೆ ನಡೆಯುತ್ತ ಕಾಣುವ ಬಾಗಿಲು ಜೇಡ ಹೆಚ್ಚಾಗಿ ಗಂಡೇ.

ಮರಿಗಳು ತಾಯಿಯ ಬಿಲದಲ್ಲೇ ಕೆಲವು ತಿಂಗಳು ಇದ್ದು, ಆಮೇಲೆ ಹೊರಗೆ ಬರುತ್ತವೆ. ಬಹಳಷ್ಟು ಬಲೆ ಜೇಡಗಳ ಮರಿಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿ ದೂರ ಹೋಗುತ್ತವೆ. ಇವು ಹೆಚ್ಚಾಗಿ ನಡೆದೇ ಹೋಗುತ್ತವೆ, ಅದೂ ಸ್ವಲ್ಪ ದೂರ. ಹಾಗಾಗಿ ಒಂದು ದೊಡ್ಡ ಬಾಗಿಲಿನ ಸುತ್ತ ಸಣ್ಣ ಸಣ್ಣ ಬಾಗಿಲುಗಳು ಗುಂಪಾಗಿ ಸಿಗುತ್ತವೆ. ಮಾತಿನ ಉಳಿದ ಭಾಗಕ್ಕೆ ಈ ಒಂದು ವಿಷಯ ನೆನಪಿಡಿ: ಈ ಜೇಡ ದೂರ ಹೋಗುವುದಿಲ್ಲ. ಒಂದು ಜಾಗದಿಂದ ಅಳಿಸಿದರೆ ಪಕ್ಕದ ಗುಡ್ಡದಿಂದ ಮತ್ತೆ ಬಂದು ತುಂಬಿಕೊಳ್ಳುವ ಜೀವಿ ಅಲ್ಲ ಇದು.

ಹಾಗಿದ್ದರೆ ಬೇರೆ ಬೇರೆ ಖಂಡಗಳಲ್ಲಿ ಹೇಗೆ ಸಿಗುತ್ತವೆ? ಗೇಯಸ್ ಸೇರಿದ ಕುಟುಂಬ ಇಡಿಯಾಪಿಡೆ. ನಮ್ಮ ಭಾರತದ ಇಡಿಯಾಪ್ಸ್ ಜೇಡಗಳೂ ಅದೇ ಕುಟುಂಬ. ದಕ್ಷಿಣ ಅಮೆರಿಕದಲ್ಲಿ, ಆಫ್ರಿಕಾದಲ್ಲಿ ಕೂಡ ಇವೆ. ಸಾಮಾನ್ಯ ಉತ್ತರ ಅಂದರೆ, ಈ ಭೂಭಾಗಗಳು ಒಂದು ಕಾಲಕ್ಕೆ ಗೊಂಡ್ವಾನಾ ಎಂಬ ಒಂದೇ ನೆಲವಾಗಿದ್ದವು, ನೆಲ ಒಡೆದು ಸರಿದಾಗ ಜೇಡಗಳೂ ಅದರ ಮೇಲೆ ಕೂತೇ ಸರಿದವು. ಆದರೆ ಎಲ್ಲ ಕಡೆ ಈ ಉತ್ತರ ನಡೆಯುವುದಿಲ್ಲ. ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿ ಮೊಗ್ರಿಡ್ಜಿಯಾ ಎಂಬ ಬಾಗಿಲು ಜೇಡ ಇದೆ. ಇದು ಬೇರೆ ಕುಟುಂಬದ್ದು, ಹತ್ತಿರದ ನೆಂಟರೆಲ್ಲ ಆಫ್ರಿಕಾದಲ್ಲಿ. 2017ರಲ್ಲಿ ಡಿಎನ್‌ಎ ಹೋಲಿಸಿ ನೋಡಿದರೆ, ಅವು ಬೇರೆಯಾದದ್ದು ಖಂಡಗಳು ಒಡೆದು ಎಷ್ಟೋ ಕೋಟಿ ವರ್ಷ ಆದ ಮೇಲೆ. ಅಂದರೆ ಹಿಂದೂ ಮಹಾಸಾಗರ ದಾಟಿ ಹೋಗಿರಬೇಕು. ಕಿತ್ತುಬಂದ ಗಿಡ-ಮಣ್ಣಿನ ಜೊತೆ, ಮುಚ್ಚಿದ ಬಾಗಿಲ ಹಿಂದೆ ಕೂತು ತೇಲಿರಬಹುದು ಅನ್ನುವುದು ವಿಜ್ಞಾನಿಗಳ ಊಹೆ. ಮನೆ ಬಿಟ್ಟು ಹತ್ತು ಮಾರು ಹೋಗದ ಜೀವಿ ಮನೆ ಸಮೇತ ಸಮುದ್ರ ದಾಟಿತು!

ಸರಿ, ನಮ್ಮ ಕಡೆಗೆ ಬರೋಣ. ಭಾರತದ ಬಾಗಿಲು ಜೇಡಗಳಲ್ಲಿ ಹಲವಕ್ಕೆ 1900ರಲ್ಲೇ ಪೊಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಹೆಸರು ಕೊಟ್ಟರು. ಆಮೇಲೆ ಬಹಳ ಕಾಲ ಈ ಕಡೆ ನೋಡಿದವರು ಕಡಿಮೆ. ಕಳೆದ ಇಪ್ಪತ್ತು ವರ್ಷದಲ್ಲಿ ಮತ್ತೆ ಕೆಲಸ ನಡೆದಿದೆ. 2005ರಲ್ಲಿ ಇಡಿಯಾಪ್ಸ್ ಬಾಂಬೆಯೆನ್ಸಿಸ್ ಬಂತು, ಮುಂಬೈ ಹೆಸರಿನದು. 2013ರಲ್ಲಿ ಇಡಿಯಾಪ್ಸ್ ಜೋಯಿಡಾ. ಹೌದು, ನಮ್ಮ ಖಾನಾಪುರದ ಪಕ್ಕದ ಜೋಯಿಡಾ ತಾಲೂಕೇ. ಈ ಹೆಸರುಗಳನ್ನು ನೋಡಿದರೆ ಒಂದು ಮಾತು ತಿಳಿಯುತ್ತದೆ. ದಟ್ಟ ಕಾಡಿನವೂ ಇವೆ, ಮಹಾನಗರದ ಹೆಸರಿನವೂ ಇವೆ. ಹಾಗಾಗಿ ಕಾಡು ಇದೆಯೋ ಇಲ್ಲವೋ ಅಂತ ಕೇಳುವುದಕ್ಕಿಂತ, ಅಲುಗಾಡದ ಮಣ್ಣು ಇದೆಯೋ ಇಲ್ಲವೋ ಅಂತ ಕೇಳಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ನಮ್ಮ ಮೂರು ಜಿಲ್ಲೆಗಳ ಮಣ್ಣು ಒಂದೇ ಥರ ಇಲ್ಲ. ವಿಜಯಪುರದ ಎರೆ ಭೂಮಿ ತಗೊಳ್ಳಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಕೈ ಹೋಗುವಷ್ಟು ಬಿರುಕು ಬಿಡುವ ನೆಲದಲ್ಲಿ ವರ್ಷಾನುಗಟ್ಟಲೆ ಬಾಳುವ ಬಿಲ, ಸಂದಿಲ್ಲದೆ ಕೂಡುವ ಬಾಗಿಲು ಉಳಿಯುವುದು ಹೇಗೆ? ಎರೆ ಹೊಲದ ನಡುವೆ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ಬಾಗಲಕೋಟೆ ಕಡೆ ಬನ್ನಿ. ಬಾದಾಮಿಯ ಕೆಂಪು ಮರಳುಗಲ್ಲಿನ ಬೆಟ್ಟದ ಬುಡ, ಮಸಾರಿ ನೆಲ, ಗರಸಿನ ಮರಡಿ, ಹಳ್ಳದ ದಂಡೆ. ಇಲ್ಲಿ ನೆಲ ನಿಲ್ಲುತ್ತದೆ. ನಾನಾದರೆ ಇಲ್ಲಿ ಹುಡುಕುತ್ತೇನೆ. ಇನ್ನು ಖಾನಾಪುರ, ಜಾಂಬೋಟಿ, ಕಣಕುಂಬಿ ಕಡೆ ಹೋದರೆ ಜಂಬಿಟ್ಟಿಗೆಯ ಕೆಂಪು ನೆಲ, ಜಾಸ್ತಿ ಮಳೆ, ಪಾಚಿ ಹಿಡಿದ ದರೆಗಳು. ರಸ್ತೆ ಕಡಿದಾಗ ಪಕ್ಕಕ್ಕೆ ನಿಲ್ಲುತ್ತದಲ್ಲ ಮಣ್ಣಿನ ಗೋಡೆ, ಅದು ಇವಕ್ಕೆ ಬಹಳ ಇಷ್ಟವಾದ ಜಾಗ. ಓರೆ ಇರುವುದರಿಂದ ನೀರು ನಿಲ್ಲುವುದಿಲ್ಲ, ಬೇರು ಮಣ್ಣು ಹಿಡಿದಿರುತ್ತದೆ, ಪಾಚಿ ಬಾಗಿಲನ್ನು ಮುಚ್ಚುತ್ತದೆ.

ಖಾನಾಪುರ ತಾಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿ ಧಾಮ ಆಯಿತು. ಸುಮಾರು 190 ಚದರ ಕಿಲೋಮೀಟರ್. ಬಾರಾಪೆಡೆ ಗುಹೆಯ ಅಪರೂಪದ ಬಾವಲಿಯಿಂದ ಅದು ಪ್ರಸಿದ್ಧವಾಯಿತು. ಒಳ್ಳೆಯದೇ. ಧಾಮದ ಒಳಗಿನ ಜೇಡ ಸುರಕ್ಷಿತ ಅಂದುಕೊಳ್ಳೋಣ. ನನ್ನ ಚಿಂತೆ ಧಾಮದ ಗೆರೆಯ ಹೊರಗಿನ ದರೆಯದು. ಅದನ್ನು ಯಾರೂ ಕಾಡು ಅನ್ನುವುದಿಲ್ಲ. ರಸ್ತೆ ಅಗಲ ಮಾಡುವಾಗ ಜೆಸಿಬಿ ಬರುತ್ತದೆ, ಒಂದು ಮಧ್ಯಾಹ್ನಕ್ಕೆ ದರೆ ಕೆರೆದು ಚೊಕ್ಕಟ ಮಾಡಿ ಹೋಗುತ್ತದೆ. ಎರಡು ಮಳೆಗಾಲ ಕಳೆದರೆ ಅಲ್ಲಿ ಹುಲ್ಲು ಬಂದು ಮೊದಲಿನ ಹಾಗೇ ಕಾಣುತ್ತದೆ. ಹಕ್ಕಿ, ಚಿಟ್ಟೆ ಮರಳಿ ಬರುತ್ತವೆ. ಬಾಗಿಲು ಜೇಡ ಬರುವುದಿಲ್ಲ, ಅಥವಾ ಬರಲು ಬಹಳ ಕಾಲ ಬೇಕು. ಬೆಳೆದ ಹೆಣ್ಣುಗಳೆಲ್ಲ ಒಂದೇ ಏಟಿಗೆ ಹೋಗಿವೆ. ಅವು ದೊಡ್ಡದಾಗಿ ಮೊದಲ ಮೊಟ್ಟೆ ಇಡಲು ವರ್ಷಗಳೇ ಹಿಡಿದಿದ್ದವು.

ಆಸ್ಟ್ರೇಲಿಯಾದ ಗೋದಿ ಸೀಮೆಯಲ್ಲಿ ಇನ್ನೊಂದು ತೊಂದರೆ ಇದೆ. ಘಟಪ್ರಭಾ, ಮಲಪ್ರಭಾ ಕಾಲುವೆ ಕೆಳಗೆ ಹೊಲ ಇದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಸವಳು, ಅಂದರೆ ನೆಲಕ್ಕೆ ಉಪ್ಪು ಏರುವುದು. ನಮ್ಮಲ್ಲಿ ನೀರು ಜಾಸ್ತಿ ಹಾಯಿಸಿ ಸವಳು-ಜವಳು ಆಯಿತು. ಅಲ್ಲಿ ಆಳಕ್ಕೆ ಬೇರು ಬಿಟ್ಟಿದ್ದ ಗಿಡಗಳನ್ನು ಕಡಿದು ಆಯಿತು. ನೀರು ಹೀರುವ ಬೇರು ಇಲ್ಲವಾಗಿ ಅಂತರ್ಜಲ ಮೇಲೆ ಬಂತು, ಜೊತೆಗೆ ಉಪ್ಪನ್ನೂ ತಂದಿತು. ಹೊಲ ಕೆಟ್ಟಿತು, ಉಳಿದ ಕಾಡಿನ ತುಂಡುಗಳಿಗೂ ಉಪ್ಪು ತಟ್ಟಿತು. ಗಿಡ ಸತ್ತರೆ ಉದುರುವ ಕಡ್ಡಿ-ಎಲೆ ಇಲ್ಲ. ಕಡ್ಡಿ ಚಾಚಿ ಬೇಟೆ ಆಡುವ ಜೇಡಕ್ಕೆ ಅದರ ಅರ್ಥ ಏನು ಅಂತ ನೀವೇ ಲೆಕ್ಕ ಹಾಕಿ.

ಮಾತು ಇಲ್ಲಿಗೆ ನಿಲ್ಲಿಸಿ ಪ್ರಶ್ನೆ ತಗೊಂಡೆ. ಮೊದಲ ಪ್ರಶ್ನೆ ಮುಂದಿನ ಸಾಲಿನ ಹಿರಿಯರೊಬ್ಬರದು: “ಸರ, ಅದು ಕಡದ್ರ ಏನಾಗತೈತ್ರಿ?”

ನೋವಾಗುತ್ತದೆ, ಊದಿಕೊಳ್ಳಬಹುದು. ಮನುಷ್ಯರಿಗೆ ದೊಡ್ಡ ಅಪಾಯದ ಜೇಡ ಅಂತ ಇದನ್ನು ಎಣಿಸುವುದಿಲ್ಲ. ನೀವು ಬಿಲಕ್ಕೆ ಕಡ್ಡಿ ಹಾಕದಿದ್ದರೆ ಅದು ನಿಮ್ಮ ತಂಟೆಗೆ ಬರುವುದೂ ಇಲ್ಲ. ಮೊಬೈಲಿನಲ್ಲಿ ಹರಿದಾಡುವ ಭಯಂಕರ ಆಸ್ಟ್ರೇಲಿಯಾ ಜೇಡ ಬೇರೆ. ಅದು ಸಿಡ್ನಿ ಫನಲ್-ವೆಬ್, ನಿಜಕ್ಕೂ ವಿಷದ್ದು. ಆದರೆ 1981ರಲ್ಲಿ ಅದಕ್ಕೆ ಮದ್ದು ಬಂದ ಮೇಲೆ ಅಲ್ಲೂ ಅದರಿಂದ ಯಾರೂ ಸತ್ತಿಲ್ಲ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: “ಹೊಲದಾಗ ಜೇಡದ ತೂತು ಭಾಳ ಇರ್ತಾವ್ರಿ ಸರ. ಇದ ಅದು ಅಂತ ಹೆಂಗ ಗೊತ್ತಾಗಬೇಕ್ರಿ?”

ತೂತು ಕಂಡರೆ ಅದು ಬಹುಶಃ ಬೇರೆ ಜೇಡ. ಟರಂಟುಲಾ ಬಿಲದ ಬಾಯಿ ತೆರೆದೇ ಇರುತ್ತದೆ, ಅಂಚಿಗೆ ರೇಷ್ಮೆ ಹಚ್ಚಿರುತ್ತದೆ. ತೋಳ ಜೇಡದ್ದೂ ಸಾಮಾನ್ಯವಾಗಿ ತೆರೆದ ತೂತೇ. ರಾತ್ರಿ ಟಾರ್ಚ್ ಬಿಟ್ಟರೆ ಅದರ ಕಣ್ಣು ಹೊಳೆಯುತ್ತವೆ. ಬಾಗಿಲು ಜೇಡದಲ್ಲಿ ತೂತು ಕಾಣುವುದಿಲ್ಲ. ಟಾರ್ಚನ್ನು ದರೆಗೆ ಓರೆಯಾಗಿ ಹಿಡಿದರೆ ಮಣ್ಣಿನಲ್ಲಿ ಅರ್ಧ ಚಂದ್ರದಂಥ ಒಂದು ಗೆರೆ ಕಾಣುತ್ತದೆ, ಅಷ್ಟೇ. ಹುಡುಕಿದ ಮೇಲೆ ಬಾಗಿಲು ಎತ್ತಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಎತ್ತಬೇಡಿ. ಕೀಲು ಹರಿದರೆ ಅದು ಕೂಡಲೇ ರಿಪೇರಿ ಮಾಡಿಕೊಳ್ಳಬೇಕು, ಅಲ್ಲಿಯತನಕ ಜರಿಗೆ, ಚೇಳಿಗೆ, ಕಣಜಕ್ಕೆ ದಾರಿ ಬಿಟ್ಟ ಹಾಗೆ. ಬೇಸಿಗೆಯಲ್ಲಿ, ಪೊರೆ ಬಿಡುವಾಗ, ಮೊಟ್ಟೆ ಇದ್ದಾಗ ಒಳಗಿನಿಂದ ಬಾಗಿಲಿಗೆ ರೇಷ್ಮೆ ಹೊಲಿದು ಭದ್ರ ಮಾಡಿಕೊಂಡಿರುವುದೂ ಉಂಟು.

ಬೀಳಗಿ ಕಡೆಯ ರೈತರೊಬ್ಬರು, ರಸ್ತೆ ಕೆಲಸಕ್ಕೆ ಮೊದಲು ಜೇಡಗಳನ್ನು ತೆಗೆದು ಬೇರೆ ಕಡೆ ಬಿಡಬಹುದಲ್ಲ ಅಂದರು. ಕೇಳಲು ಚೆನ್ನಾಗಿದೆ. ಆದರೆ ಬೆಳೆದ ಹೆಣ್ಣು ಹೊಸ ಜಾಗದಲ್ಲಿ ಮತ್ತೆ ಆಳವಾದ ಬಿಲ ತೋಡಿ ನೆಲೆಯೂರುವುದು ಕಷ್ಟ. ಬಿಲ ಇಲ್ಲದೆ ಬಯಲಿನಲ್ಲಿ ಬಿಟ್ಟ ಜೇಡ ಬೆಳಗಾಗುವುದರಲ್ಲಿ ಯಾವುದೋ ಹಕ್ಕಿಯ ಹೊಟ್ಟೆ ಸೇರುತ್ತದೆ. ಅದಕ್ಕಿಂತ, ರಸ್ತೆಯ ಎರಡೂ ಬದಿ ಕೆರೆಯುವ ಬದಲು ಒಂದು ಬದಿ ಕೆರೆದರೆ ಆಗುವುದಿಲ್ಲವೇ ಅಂತ ಕೇಳುವುದು ಹೆಚ್ಚು ಉಪಯೋಗ.

ಕೊನೆಗೆ ಖಾನಾಪುರ ತಾಲೂಕಿನ ಶಿಕ್ಷಕಿಯೊಬ್ಬರು, ತಮ್ಮ ಶಾಲೆಯ ಮಕ್ಕಳು ಏನಾದರೂ ಮಾಡಬಹುದಾ ಅಂತ ಕೇಳಿದರು. ಖಂಡಿತ ಮಾಡಬಹುದು ಟೀಚರ್, ಖರ್ಚೂ ಇಲ್ಲ. ಶಾಲೆಗೆ ಹತ್ತಿರದ ಒಂದು ದರೆ ಆರಿಸಿಕೊಳ್ಳಿ. ಸಿಕ್ಕ ಪ್ರತಿ ಬಾಗಿಲಿನಿಂದ ಒಂದು ಗೇಣು ದೂರಕ್ಕೆ ನಂಬರ್ ಬರೆದ ಗೂಟ ನೆಡಿ, ತೀರ ಹತ್ತಿರ ಬೇಡ. ಬಾಗಿಲ ಪಕ್ಕ ಸ್ಕೇಲ್ ಹಿಡಿದು ಫೋಟೊ ತೆಗೆಯಿರಿ. ವರ್ಷಕ್ಕೆ ಎರಡು ಸಲ ಸಾಕು, ಮುಂಗಾರಿಗೆ ಮೊದಲು ಒಮ್ಮೆ, ದೀಪಾವಳಿ ಕಳೆದ ಮೇಲೆ ಒಮ್ಮೆ. ಜಾಗ ಎಲ್ಲಿ ಅಂತ ವಾಟ್ಸಾಪಿನಲ್ಲಿ ಹಾಕಬೇಡಿ, ಇಂಥ ಜೇಡಗಳನ್ನು ಹಿಡಿದು ಮಾರುವವರು ಇದ್ದಾರೆ. ಬರೆದಿಡಬೇಕಾದ ಮುಖ್ಯ ಅಂಕಿ ಬಾಗಿಲಿನ ಅಗಲ. ಜೇಡ ಬೆಳೆದಂತೆ ಬಾಗಿಲು ಬೆಳೆಯುತ್ತದೆ, ಹಾಗಾಗಿ ಅಗಲ ನೋಡಿದರೆ ಯಾವುದು ಮರಿ, ಯಾವುದು ಹರೆಯದ್ದು, ಯಾವುದು ದೊಡ್ಡ ಹೆಣ್ಣು ಅಂತ ಅಂದಾಜು ಸಿಗುತ್ತದೆ. ದೊಡ್ಡ ಬಾಗಿಲು ಎಷ್ಟಿವೆ ಅಂತ ನೋಡಿ ಖುಷಿಪಡಬೇಡಿ. ಅವು ಹತ್ತಾರು ವರ್ಷ ಹಾಗೇ ಇರಬಲ್ಲವು, ದರೆ ಚೆನ್ನಾಗಿದೆ ಅಂತ ನಮ್ಮನ್ನು ನಂಬಿಸಬಲ್ಲವು. ಪ್ರತಿ ವರ್ಷ ಸುತ್ತಮುತ್ತ ಬೆರಳ ಉಗುರಿಗಿಂತ ಸಣ್ಣ ಹೊಸ ಬಾಗಿಲು ಸಿಗುತ್ತಿವೆಯೇ ನೋಡಿ. ಮೂರು ನಾಲ್ಕು ವರ್ಷ ಸಣ್ಣ ಬಾಗಿಲು ಒಂದೂ ಸಿಗಲಿಲ್ಲ ಅಂದರೆ ಅಲ್ಲಿ ಏನೋ ಕೆಟ್ಟಿದೆ ಅಂತ ಅರ್ಥ. ಆ ಪಟ್ಟಿ ಹಿಡಿದು ಬನ್ನಿ, ಕೂತು ನೋಡೋಣ.